ಕರಿ ಕೇರೆಯ ಮರಿಗಳು

ಬಯಾನ್ ಲೆಪಾಸ್, ಪೆನಾಂಗ್, ಮಲೇಶಿಯಾ
14 ಸೆಪ್ಟೆಂಬರ್ 1997

ಅಕ್ಕಾ,

ಈ ಸಲ ಎರಡು ಸುದ್ದಿ ಇವೆ. ದೊಡ್ಡದನ್ನು ಮೊದಲು ಹೇಳದಿದ್ದರೆ ಶರ್ಮಿಳಾ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನಿನ್ನ ಮಗಳಿಗೆ ಈಗ ಮೂರು ತಿಂಗಳು. ಮಾರ್ಚ್ ಕೊನೆಗೆ ಹೆರಿಗೆ ಎಂದು ಹೇಳಿದ್ದಾರೆ. ಹುಟ್ಟುವ ಮಗು ನಿನ್ನನ್ನು ಅಮ್ಮನ ಅಮ್ಮ ಎಂದು ಅಜ್ಜಿ ಅನ್ನಬೇಕೋ, ಅಪ್ಪನ ಅಕ್ಕ ಎಂದು ಅತ್ತೆ ಅನ್ನಬೇಕೋ ಎಂದು ಅವಳು ನಿನ್ನೆಯಿಂದ ನಗುತ್ತಿದ್ದಾಳೆ. ಅಜ್ಜನಾಗುವ ವಿಠಲ ಮಾವನಿಗೂ ಹೇಳು. ಮದುವೆಯಾಗಿ ಎರಡು ವರ್ಷವಾದರೂ ಅವಳು ನನ್ನನ್ನು ‘ಮಾಮ’ ಎಂದೇ ಕರೆಯುತ್ತಾಳೆ. ಇಲ್ಲಿಯ ತಮಿಳು ನೆರೆಯವರಿಗೆ ಅದೇನೂ ವಿಚಿತ್ರವಲ್ಲ. ಫ್ಯಾಕ್ಟರಿಯ ಚೀನೀ ಗೆಳೆಯರಿಗೆ ಮಾತ್ರ ನಾನು ಬಿಡಿಸಿ ಹೇಳುವುದಿಲ್ಲ.

ಆಕಾಶ ತಿಂಗಳಿಂದ ಬೂದಿಯ ಬಣ್ಣ. ಸುಮಾತ್ರಾದಲ್ಲಿ ಕಾಡು ಸುಡುತ್ತಿದ್ದಾರಂತೆ, ಹೊಗೆಯೆಲ್ಲ ಇಲ್ಲಿಗೆ. ಶರ್ಮಿಳಾಳನ್ನು ಹೊರಗೆ ಬಿಡುತ್ತಿಲ್ಲ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಊಟ ತಪಾವ್ ಮಾಡಿಸಿ ಪೊಟ್ಟಣದಲ್ಲಿ ತರುತ್ತೇನೆ. ಅಡುಗೆಯ ವಾಸನೆ ಅವಳಿಗೆ ಆಗುತ್ತಿಲ್ಲ.

ಎರಡನೆಯ ಸುದ್ದಿಗೆ ನೀನು ಮೂಗು ಮುರಿಯುತ್ತೀಯ. ನನ್ನ ಕೇರೆ ಹದಿನಾಲ್ಕು ಮೊಟ್ಟೆ ಇಟ್ಟಿದೆ.

ಹಾವು ಸಾಕಿದ್ದೇನೆಂದು ಮೊದಲು ತಿಳಿಸಿದಾಗ ನೀನು ಎರಡು ತಿಂಗಳು ಪತ್ರ ಬರೆಯಲಿಲ್ಲ. ಆದರೂ ಕೇಳು. ಇಲ್ಲಿಯ ಈ ಕೇರೆ ನಮ್ಮೂರಿನದಕ್ಕಿಂತ ತೆಳ್ಳಗೆ, ಕಂದು ಮೈ, ವಿಷವಿಲ್ಲ. ನಮ್ಮ ಫ್ಯಾಕ್ಟರಿಯ ಊಯ್ ಎನ್ನುವ ಸೂಪರ್‌ವೈಸರ್‌ಗೆ ಅವನ ಡುರಿಯನ್ ಹಣ್ಣಿನ ತೋಟದಲ್ಲಿ ಒಂದು ಗಂಡು ಸಿಕ್ಕಿತ್ತು. ಅಡಿಯಿಂದ ಮುಡಿಯವರೆಗೆ ಡಾಂಬರಿನ ಬಣ್ಣ. ಬಿಸಿಲಿಗೆ ಹಿಡಿದರೆ ನೀಲಿ ಹೊಳಪು. ಅದನ್ನು ನನಗೆ ಕೊಟ್ಟ. ಕಂದು ಹೆಣ್ಣಿನ ಜೊತೆ ಬಿಟ್ಟರೆ ಮರಿಗಳೆಲ್ಲ ಕಂದೇ ಆದವು. ಕರಿ ಬಣ್ಣ ಅವುಗಳೊಳಗೆ ಅಡಗಿರುತ್ತದೆ, ಹೊರಗೆ ಬರಬೇಕಾದರೆ ಎರಡೂ ಕಡೆಯಿಂದ ಸೇರಬೇಕು. ಅದಕ್ಕೆ ಆ ಮರಿಗಳಲ್ಲಿ ಒಂದು ಅಣ್ಣ ಒಂದು ತಂಗಿಯನ್ನು ಮೂರು ವರ್ಷ ಬೆಳೆಸಿ ಜೊತೆ ಮಾಡಿದೆ. ಈಗ ಮೊಟ್ಟೆಗಳು ಒದ್ದೆ ತೆಂಗಿನ ನಾರಿನ ಪುಡಿಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿವೆ. ನಾಲ್ಕರಲ್ಲಿ ಒಂದಾದರೂ ಕರಿಯದು ಬರಬೇಕು.

ಶರ್ಮಿಳಾ ಹಾವಿನ ಕೋಣೆಗೆ ಕಾಲಿಡುವುದಿಲ್ಲ. ಹಾವಿನ ಊಟದ ಇಲಿಗಳಿಗೆಂದು ಬೇರೆ ಚಿಕ್ಕ ಫ್ರಿಜ್ ತರಿಸಿದ ಮೇಲೆ ಜಗಳವೂ ನಿಂತಿದೆ.

ನಿನ್ನ ತಮ್ಮ,
ಜಯರಾಮ


ರೈಲ್ವೆ ಕ್ವಾರ್ಟರ್ಸ್, ಅರಸೀಕೆರೆ
2 ಅಕ್ಟೋಬರ್ 1997

ಜಯರಾಮ,

ನಿನ್ನ ಪತ್ರ ಬಂದಾಗ ನಾನು ಶಾಲೆಯಲ್ಲಿದ್ದೆ. ಪೋಸ್ಟ್‌ಮ್ಯಾನ್ ಅಲ್ಲಿಗೇ ತಂದುಕೊಟ್ಟ. ಮೂರನೇ ಕ್ಲಾಸಿನ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಓದಿಕೊಂಡೆ. ಸಂತೋಷವಾಯಿತು. ಮನೆಗೆ ಬರುವಾಗ ಅರ್ಧ ಕೆ.ಜಿ. ಪೇಡ ತಂದೆ. ನಿನ್ನ ಮಾವ ಬುಕಿಂಗ್ ಆಫೀಸಿನವರಿಗೆಲ್ಲ ಹಂಚಿದರು.

ಅವಳಿಗೆ ಬೆಳಿಗ್ಗೆ ಹೊಟ್ಟೆ ಖಾಲಿ ಬಿಡಬೇಡ. ಮೆಣಸಿನ ಸಾರಿನ ಪುಡಿ, ನೆಲ್ಲಿಕಾಯಿ ಅಡಿಕೆ ಕಳಿಸುತ್ತಿದ್ದೇನೆ. ಭಾರ ಎತ್ತುವುದು ಬೇಡ. ಹಾವಿನ ಕೋಣೆಯ ಬಾಗಿಲಿಗೆ ಚಿಲಕ ಇರಲಿ.

ಆ ಹಾವಿನ ವಿಷಯ ಎರಡು ಸಲ ಓದಿದೆ. ಒಂದೇ ತಾಯಿಯ ಮಕ್ಕಳನ್ನು ಯಾಕೆ ಸೇರಿಸಿದೆ? ಕಪ್ಪು ಬಣ್ಣ ಅಷ್ಟು ಮುಖ್ಯವೇ? ನಿನ್ನ ಮಾವನಿಗೆ ಪತ್ರ ಓದಿ ಹೇಳುವಾಗ ಆ ಭಾಗ ಬಿಟ್ಟೆ.

ಇಲ್ಲಿಯ ಸುದ್ದಿಯೆಂದರೆ, ನಮ್ಮ ಚಿಕ್ಕವಳು ಶರಣ್ಯಾ ಡಿಗ್ರಿ ಕೊನೇ ವರ್ಷಕ್ಕೆ ಬಂದಳು. ನಂಜನಗೂಡಿನ ಚಿಕ್ಕಮ್ಮ ತಮ್ಮ ಮಗ ಕೌಸ್ತುಭನಿಗೆ ಅವಳನ್ನು ಕೇಳುತ್ತಿದ್ದಾರೆ. ಬ್ಯಾಂಕಿನಲ್ಲಿದ್ದಾನೆ. ಸ್ವಂತ ತಂಗಿಯ ಮಗ ಎಂದು ನಿನ್ನ ಮಾವನಿಗೆ ಪೂರಾ ಮನಸ್ಸು. ನಾನು ಇನ್ನೂ ಏನೂ ಹೇಳಿಲ್ಲ.

ಅಕ್ಕ,
ಸೀತಾಲಕ್ಷ್ಮಿ


ಬಯಾನ್ ಲೆಪಾಸ್
28 ನವೆಂಬರ್ 1997

ಅಕ್ಕಾ,

ಪಾರ್ಸೆಲ್ ಬಂತು. ಶರ್ಮಿಳಾ ಸಾರಿನ ಪುಡಿಯನ್ನು ಬರೀ ಅನ್ನಕ್ಕೆ ಕಲಸಿ ತಿನ್ನುತ್ತಾಳೆ. ಆರೋಗ್ಯವಾಗಿದ್ದಾಳೆ. ಮಗು ಒದೆಯುತ್ತಿದೆ. ಹೊಗೆ ಕಳೆದು ಈಗ ಎದುರಿನ ಗುಡ್ಡ ಕಾಣುತ್ತಿದೆ.

ಹಾವಿನ ವಿಷಯ ಬರೆಯದೇ ಇರಬೇಕೆಂದುಕೊಂಡಿದ್ದೆ. ಆಗುತ್ತಿಲ್ಲ.

ಹದಿನಾಲ್ಕರಲ್ಲಿ ನಾಲ್ಕು ಮೊಟ್ಟೆ ಬೂಷ್ಟು ಹಿಡಿದು ಹೋದವು. ಮಿಕ್ಕವು ಹೋದ ವಾರ ಒಡೆದವು. ಮರಿ ಚಿಪ್ಪನ್ನು ಬ್ಲೇಡಿನಲ್ಲಿ ಕೊಯ್ದ ಹಾಗೆ ಸೀಳಿ ತಲೆಯಷ್ಟೇ ಹೊರಗಿಟ್ಟು ಒಂದು ದಿನ, ಎರಡು ದಿನ ಹಾಗೇ ಕೂರುತ್ತದೆ. ಒಂದೊಂದಾಗಿ ಕರಿ ಮೂತಿಗಳು ಕಾಣಿಸಿದಾಗ ನಾನು ಫ್ಯಾಕ್ಟರಿಗೆ ರಜೆ ಹಾಕಿದೆ. ಮೂರು ಕರಿ, ಏಳು ಕಂದು. ಕರಿ ಮರಿಗಳಲ್ಲಿ ಎರಡು ಎಷ್ಟು ಚೆನ್ನಾಗಿವೆಯೆಂದರೆ, ನೀನೂ ಕೈಚಾಚುತ್ತಿದ್ದೆ. ಊಯ್ ಸ್ಕೂಟರಿನಲ್ಲಿ ಓಡಿ ಬಂದ. ಕೌಲಾಲಂಪುರದಿಂದ ಯಾರೋ ಇಬ್ಬರು ಆಗಲೇ ಫೋನ್ ಮಾಡಿದ್ದಾರೆ.

ಒಂದು ಕಂದು ಮರಿಯ ಬೆನ್ನು ಮೆಟ್ಟಿಲು ಮೆಟ್ಟಿಲಾಗಿ ಮುರಿದಂತಿದೆ. ಮೂರನೆಯ ಕರಿ ಮರಿಗೆ ಒಂದು ಕಣ್ಣೇ ಇಲ್ಲ. ಅದು ತಲೆ ಎತ್ತುತ್ತದೆ, ನಿಲ್ಲಿಸಲಾಗದೆ ಒಂದು ಪಕ್ಕಕ್ಕೆ ಬೀಳಿಸುತ್ತದೆ, ಮತ್ತೆ ಎತ್ತುತ್ತದೆ. ಊಯ್ ನೋಡಿ ತಲೆ ಆಡಿಸಿದ. ಅವನ ಇಂಗ್ಲಿಷನ್ನು ಕನ್ನಡ ಮಾಡಿ ಬರೆಯುತ್ತೇನೆ, ‘ಲಾ’ ಮಾತ್ರ ಅವನದೇ: “ಬಣ್ಣ ಒಂದನ್ನೇ ಕರೆದರೆ ಬರಲ್ಲ ಲಾ. ಒಳಗೆ ಅಡಗಿರೋದೆಲ್ಲ ಜೊತೇಲೇ ಬರುತ್ತೆ. ಮುಂದಿನ ಸಲ ಹೊರಗಿನ ಹೆಣ್ಣು ತಗೋ.”

ಅಕ್ಕಾ, ಆ ಮರಿ ತಲೆ ಬೀಳಿಸುವುದನ್ನು ನೋಡುತ್ತ ಕೂತಾಗ ನನಗೆ ಅನಿಲ ನೆನಪಾದ. ನಿನ್ನ ಮಗನನ್ನು ಹಾವಿನ ಜೊತೆ ಸೇರಿಸಿ ಬರೆಯುತ್ತಿದ್ದೇನೆಂದು ಕೋಪ ಮಾಡಿಕೊಳ್ಳಬೇಡ. ನನಗಾಗ ಎಂಟು ವರ್ಷ. ನೀನು ಒಲೆಯ ಮುಂದಿದ್ದಾಗ ಅವನನ್ನು ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದೆ, “ಕತ್ತು ಹಿಡ್ಕೊಳೋ, ಕತ್ತು ಹಿಡ್ಕೊಳೋ” ಎನ್ನುತ್ತಿದ್ದೆ. ಅವನಿಗೆ ಆಗಲೇ ಒಂದೂವರೆ ವರ್ಷ ಆಗಿತ್ತಲ್ಲವೇ? ಅಷ್ಟು ದೊಡ್ಡ ಮಗುವಿನ ಕತ್ತು ಯಾಕೆ ಹಿಡಿಯಬೇಕಿತ್ತು? ಜ್ವರ ಬಂದು ಹೋದ ಎಂದು ನೀವೆಲ್ಲ ಹೇಳಿದಿರಿ. ಎಂಥ ಜ್ವರ ಅದು?

ಶರ್ಮಿಳಾಗೆ ಏನೂ ಹೇಳಿಲ್ಲ.

ಜಯರಾಮ


ಅರಸೀಕೆರೆ
15 ಡಿಸೆಂಬರ್ 1997

ಜಯರಾಮ,

ಅನಿಲನಿಗೆ ಬಂದದ್ದು ಜ್ವರ. ನೀನು ಚಿಕ್ಕವನಿದ್ದೆ, ನಿನಗೆ ಸರಿಯಾಗಿ ನೆನಪಿಲ್ಲ.

ಬಸುರಿ ಇರುವ ಮನೆಯಲ್ಲಿ ಇಂಥ ಯೋಚನೆ ಮಾಡಬಾರದು. ಹಾವನ್ನು ನೋಡಿ ಮನುಷ್ಯರ ಲೆಕ್ಕ ಹಾಕುವಷ್ಟು ನೀನು ಓದಿದ್ದು ಸಾಕು. ನಮ್ಮ ಮನೆತನದಲ್ಲಿ ಸೋದರಮಾವನಿಗೆ ಹೆಣ್ಣು ಕೊಡುವುದು ಇಂದು ನಿನ್ನೆಯದಲ್ಲ, ನನ್ನನ್ನೂ ಹಾಗೇ ಕೊಟ್ಟರು. ಶರ್ಮಿಳಾ, ಶರಣ್ಯಾ ಇಬ್ಬರೂ ಕಣ್ಣ ಮುಂದೆ ಗಟ್ಟಿಮುಟ್ಟಾಗಿ ಬೆಳೆದಿಲ್ಲವೇ? ಆ ಮರಿಗಳನ್ನು ಆ ಚೀನದವನಿಗೇ ಕೊಟ್ಟು ಕೋಣೆ ತೊಳೆಸು. ತೊಟ್ಟಿಲಿಗೆ ಜಾಗವಾಗುತ್ತದೆ.

ಚಳಿ ಜಾಸ್ತಿ. ನನ್ನ ಮಂಡಿ ನೋವು ಹಾಗೇ ಇದೆ.

ಸೀತಾಲಕ್ಷ್ಮಿ


ಬಯಾನ್ ಲೆಪಾಸ್
11 ಜನವರಿ 1998

ಅಕ್ಕಾ,

ಶರ್ಮಿಳಾಗೆ ಗೊತ್ತಾಯಿತು. ನಾನು ಹೇಳಲಿಲ್ಲ, ಅವಳೇ ತಿಳಿದುಕೊಂಡಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆನ್ನು ಮುರಿದ ಮರಿ ಏನನ್ನೂ ನುಂಗಲಾರದೆ ಸತ್ತಿತು. ಒಕ್ಕಣ್ಣಿನ ಕರಿಯದು ಬದುಕಿತ್ತು. ಕಣ್ಣು ಬಿಡದ ಇಲಿಮರಿಯನ್ನು ಬಾಯಿಗೆ ಹಿಡಿದರೂ ಅದು ಗುರಿ ತಪ್ಪಿ ಗಾಳಿಗೆ ಬಾಯಿ ಹಾಕುತ್ತಿತ್ತು. ಇಂಥದನ್ನು ಸಾಕುವವರು ಫ್ರೀಜರ್‌ನಲ್ಲಿಟ್ಟು ಮುಗಿಸುತ್ತಾರೆ, ನೋವಾಗುವುದಿಲ್ಲ ಎಂದು ಊಯ್ ಹೇಳಿದ್ದ. ಹೋದ ಭಾನುವಾರ ಬೆಳಿಗ್ಗೆ ಅದನ್ನೊಂದು ಡಬ್ಬಿಯಲ್ಲಿ ಹಾಕಿಕೊಂಡು ಅಡುಗೆಮನೆಯ ಮೂಲೆಯ ಚಿಕ್ಕ ಫ್ರಿಜ್‌ನ ಮುಂದೆ ಕೂತಿದ್ದೆ. ಅವಳು ನೀರಿಗೆಂದು ಬಂದಳು.

“ಏನ್ ಮಾಡ್ತಿದ್ದೀಯ ಮಾಮ? ಅದು ಅಲ್ಲಾಡ್ತಿದೆ!”

“ಇದು ಬದುಕಲ್ಲ ಕಣೇ. ಹುಟ್ಟುತ್ತಲೇ ಊನ.”

“ಯಾಕೆ ಹಂಗೆ ಹುಟ್ತು?”

ನಾನು ಏನೋ ಒಂದು ಹೇಳಬಹುದಿತ್ತು. ಮೊಟ್ಟೆಗೆ ಶಾಖ ಸಾಲಲಿಲ್ಲ ಅನ್ನಬಹುದಿತ್ತು. “ಅದರಪ್ಪ ಅಮ್ಮ ಅಣ್ಣ ತಂಗಿ” ಎಂದುಬಿಟ್ಟೆ. ಅವಳು ನೀರಿನ ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು, “ನೀನು ಅಮ್ಮನಿಗೆ ಅನಿಲನ ವಿಷಯ ಕೇಳಿ ಬರೆದಿದ್ದು ಇದಕ್ಕೇನಾ?” ನಿನ್ನ ಡಿಸೆಂಬರಿನ ಪತ್ರವನ್ನು ಅವಳು ಓದಿದ್ದಳು. ನನಗದು ಗೊತ್ತಿರಲಿಲ್ಲ.

ಆ ದಿನ ಹಾವಿನ ಕೋಣೆಯೊಳಗೆ ಬಂದು ಡಬ್ಬಿಯನ್ನು ಅವಳೇ ಶೆಲ್ಫಿನ ಮೇಲಿಟ್ಟಳು. “ಇದನ್ನ ಮುಟ್ಟಬೇಡ” ಎಂದಳು. ಈಗ ದಿನಾ ಹೋಗಿ ನೋಡಿ ಬರುತ್ತಾಳೆ. ಊಟ ಮಾಡಿಸುವುದು ನಾನು. ಅವಳು ಮುಟ್ಟುವುದಿಲ್ಲ, ದೂರ ಕುರ್ಚಿ ಹಾಕಿಕೊಂಡು ಕೂರುತ್ತಾಳೆ.

ಇಲ್ಲಿ ಗದಗದ ಕಡೆಯ ಡಾಕ್ಟರ್ ಮಾಸೂಮಾ ಎಂಬುವರಿದ್ದಾರೆ, ಮಣಿಪಾಲದಲ್ಲಿ ಓದಿದವರು. ಇಬ್ಬರೂ ಹೋದೆವು. ಅವರು ಗದರಲಿಲ್ಲ, ನಗಲೂ ಇಲ್ಲ. “ನೋಡ್ರೀ, ಸಂಬಂಧದಾಗ ಮದುವಿ ಆದವರ ಮಕ್ಕಳು ಎಲ್ಲಾರೂ ಹಿಂಗ ಆಗೂದಿಲ್ಲ. ಭಾಳ ಮಂದಿ ಚೊಲೋನ ಇರ್ತಾರ. ಆದ್ರ ಮನ್ಯಾಗ ಹಿಂದ ಯಾವುದರೆ ಕೂಸು ಹಿಂಗ ಹೋಗೇತೇನು, ಅದು ನನಗ ಬೇಕು. ಜ್ವರಾ ಅಂತ ಬರದು ಕೊಟ್ರ ಉಪಯೋಗಿಲ್ಲ. ಕೂಸು ಯಾವಾಗ ಕುಂತಿತ್ತು, ಯಾವಾಗ ನಗೂದು ಬಿಟ್ಟಿತು, ಅದನ್ನ ಕೇಳಿಕೊಂಡ ಬರ್ರಿ,” ಎಂದರು.

ಹೊರಗೆ ಬಂದ ಮೇಲೆ ಶರ್ಮಿಳಾ ಕಾರಿನಲ್ಲಿ ಒಂದೇ ಮಾತು ಕೇಳಿದಳು. “ಅಮ್ಮನಿಗೆ ಗೊತ್ತಿತ್ತಾ?”

ಗೊತ್ತಿತ್ತಾ ಅಕ್ಕಾ? ನನ್ನ ಮೇಲಿನ ಪ್ರೀತಿಗಾಗಿ ಬೇಡ, ಅವಳಿಗಾಗಿ ಬರಿ.

ಜಯರಾಮ


ಅರಸೀಕೆರೆ
2 ಫೆಬ್ರವರಿ 1998

ಜಯರಾಮ, ಶರ್ಮಿಳಾ,

ಇದನ್ನು ಶಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಕ್ಕಳೆಲ್ಲ ಮನೆಗೆ ಹೋಗಿದ್ದಾರೆ.

ಗೊತ್ತಿತ್ತು.

ಅನಿಲ ಆರು ತಿಂಗಳವರೆಗೆ ಎಲ್ಲ ಮಕ್ಕಳ ಹಾಗೇ ಇದ್ದ. ಬೋರಲು ಬಿದ್ದ. ಒತ್ತು ಕೊಟ್ಟರೆ ಕೂರುತ್ತಿದ್ದ. ಏಳನೇ ತಿಂಗಳಿಂದ ಕಲಿತದ್ದನ್ನೆಲ್ಲ ಒಂದೊಂದಾಗಿ ಮರೆಯತೊಡಗಿದ. ಒಂದು ವರ್ಷಕ್ಕೆ ಕತ್ತು ನಿಲ್ಲಲಿಲ್ಲ. ಆಮೇಲೆ ಕಣ್ಣು ಕಾಣಲಿಲ್ಲ. ಎರಡು ವರ್ಷ ತುಂಬಲು ಹದಿನೆಂಟು ದಿನ ಇದ್ದಾಗ ಹೋದ. ಕೊನೆಯಲ್ಲಿ ಜ್ವರ ಬಂದಿದ್ದು ನಿಜ. ಅಷ್ಟು ಮಾತ್ರ ನಿಜ.

ಅವನಿಗಿಂತ ಮೊದಲು ಒಂದು ಹೆಣ್ಣು ಮಗು ಇತ್ತು. ಜಯರಾಮ, ನಮ್ಮಮ್ಮ ತೀರಿಕೊಂಡು ನೀನು ನನ್ನ ಬಳಿಗೆ ಬಂದದ್ದು ಅವಳು ಹೋದ ಮೇಲೆ. ಮಹಾಲಕ್ಷ್ಮಿ ಎಂದು ಹೆಸರಿಟ್ಟಿದ್ದೆವು. ಅವಳಿಗೂ ಹೀಗೇ ಆಯಿತು. ಹದಿನಾಲ್ಕು ತಿಂಗಳು ಇದ್ದಳು.

ಅನಿಲನನ್ನು ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿಯ ಡಾಕ್ಟರು “ನೀವಿಬ್ರೂ ಸಂಬಂಧಾನಾ?” ಎಂದರು. ಸೋದರಮಾವ ಎಂದೆ. ಅವರು ಪೆನ್ನು ಕೆಳಗಿಟ್ಟರು. “ಇದಕ್ಕೆ ಔಷಧಿ ಇಲ್ಲಮ್ಮ. ಮುಂದೆ ಮಕ್ಕಳಾಗಿ ಉಳಿದರೆ ಅವರನ್ನ ಹೊರಗೆ ಕೊಡಿ, ಹೊರಗಿಂದ ತನ್ನಿ” ಎಂದರು. ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಇಳಿದ ಮೇಲೆ ಶರ್ಮಿಳಾಳ ಅಪ್ಪ, “ಈ ಮಾತು ಇಲ್ಲಿಗೇ ಮುಗೀತು ಸೀತಾ” ಎಂದರು. ಅವರು ಹೇಳಿದ್ದಕ್ಕೆ ಮುಚ್ಚಿಟ್ಟೆ ಎಂದು ಬರೆದರೆ ಸುಲಭ. ಆದರೆ ಮುಗಿದರೆ ಸಾಕು ಎಂದು ನನಗೂ ಅನ್ನಿಸಿತ್ತು. ಡಾಕ್ಟರ ಮಾತು ನಿಜವಾದರೆ, ನಾವು ಮದುವೆಯಾದದ್ದರಿಂದಲೇ ಎರಡು ಮಕ್ಕಳು ಹೋದ ಹಾಗಾಯಿತಲ್ಲ. ಆಮೇಲೆ ಶರ್ಮಿಳಾ, ನೀನೂ ಶರಣ್ಯಾಳೂ ಚೆನ್ನಾಗಿ ಹುಟ್ಟಿದಿರಿ. ನೀವು ನಡೆದಾಗೆಲ್ಲ ಡಾಕ್ಟರು ಸುಳ್ಳಾದರು ಎಂದುಕೊಳ್ಳುತ್ತಿದ್ದೆ.

ಜಯರಾಮ, ನಿನ್ನನ್ನು ಸಾಕಿದವಳು ನಾನು. ನೀನು ಮಲೇಶಿಯಾಕ್ಕೆ ಹೋದ ಮೇಲೆ ಹೊರಗಿನ ಹುಡುಗಿ ನಿನ್ನ ಮನೆಗೆ ಬಂದರೆ ನಾನು ವರ್ಷಕ್ಕೊಂದು ಪತ್ರ ಬರೆಯುವ ಅಕ್ಕನಾಗುತ್ತೇನೆ ಎಂದು ಹೆದರಿದೆ. ನನ್ನ ಮಗಳನ್ನು ಕೊಟ್ಟು ನಿನ್ನನ್ನು ಉಳಿಸಿಕೊಂಡೆ.

ಶರ್ಮಿಳಾ, ನಿನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಡಾಕ್ಟರಿಗೆ ಇದಿಷ್ಟನ್ನೂ ತೋರಿಸಿ.

ಸೀತಾಲಕ್ಷ್ಮಿ


ಬಯಾನ್ ಲೆಪಾಸ್
27 ಮಾರ್ಚ್ 1998

ಅಕ್ಕಾ,

ಮೊನ್ನೆ ಹೆಣ್ಣು ಮಗು ಹುಟ್ಟಿತು. ಮೂರು ಕೆ.ಜಿ. ಇಬ್ಬರೂ ಚೆನ್ನಾಗಿದ್ದಾರೆ.

ಡಾಕ್ಟರ್ ಮಾಸೂಮಾ ನಿನ್ನ ಪತ್ರವನ್ನು ಪೂರಾ ಓದಿದರು. ಕಾಗದದ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಮಾಡಿ ನಮ್ಮ ಮನೆಯವರನ್ನೆಲ್ಲ ಬರೆದು, ಹನ್ನೆರಡರಲ್ಲಿ ಒಂದು ಪಾಲು ಅಪಾಯ ಎಂದರು. “ಹನ್ನೊಂದು ಪಾಲು ನಿಮ್ಮ ಕಡೆ ಐತ್ರಿ, ಅದನ್ನೂ ಎಣಸ್ರಿ” ಎಂದರು. ರೋಗದ ಹೆಸರು ಗೊತ್ತಿಲ್ಲದೆ ಪರೀಕ್ಷೆ ಮಾಡಿಸಲಾಗುವುದಿಲ್ಲವಂತೆ. ಒಂದು ವರ್ಷ ಕಾಯಬೇಕು.

ಬಾಣಂತನಕ್ಕೆ ಬರುತ್ತೇನೆಂದು ಅವಳಿಗೆ ಬೇರೆಯಾಗಿ ಬರೆದಿದ್ದೆಯಂತೆ. ಈಗ ಬರಬೇಡ. ಇದು ಅವಳ ಮಾತು. ನಿನ್ನ ಫೆಬ್ರವರಿಯ ಪತ್ರ ಓದಿದ ದಿನದಿಂದ ಇದೊಂದನ್ನು ಬಿಟ್ಟು ಅವಳು ನಿನ್ನ ಸುದ್ದಿ ಎತ್ತಿಲ್ಲ. ಪಕ್ಕದ ಮನೆಯ ಅನ್ನಮ್ಮ ಆಂಟಿ ಬಂದು ಮಗುವಿಗೆ ಎಣ್ಣೆ ಹಚ್ಚುತ್ತಾರೆ.

ಜಯರಾಮ


ಅರಸೀಕೆರೆ
8 ಜೂನ್ 1998

ಶರ್ಮಿಳಾ,

ನೀನು ಉತ್ತರ ಬರೆಯುವುದಿಲ್ಲವೆಂದು ಗೊತ್ತು. ಇದು ನಿನ್ನ ತಂಗಿಯ ವಿಷಯ, ನಿನಗೆ ತಿಳಿದಿರಬೇಕು.

ನಿನ್ನೆ ನಂಜನಗೂಡಿನಿಂದ ಚಿಕ್ಕಮ್ಮ ಮತ್ತು ಕೌಸ್ತುಭ ತಾಂಬೂಲ ಬದಲಿಸಲು ಬಂದಿದ್ದರು. ಪುರೋಹಿತ ಚಾಮಯ್ಯನವರೂ ಇದ್ದರು. ತಟ್ಟೆಯಲ್ಲಿ ಎಲ್ಲ ಇಟ್ಟಾಗಿತ್ತು. ಒಂದು ತಿಂಗಳಿಂದ ನಿಮ್ಮಪ್ಪನಿಗೆ ಬೇಡ, ಬೇಡ ಎಂದು ಹೇಳಿ ಸೋತಿದ್ದೆ. ಅಡುಗೆಮನೆಯಿಂದ ಕಾಫಿ ತಂದಿಟ್ಟು ಅಲ್ಲೇ ನಿಂತೆ.

“ಚಿಕ್ಕಮ್ಮ, ತಟ್ಟೆ ಮುಟ್ಟೋ ಮುಂಚೆ ಒಂದು ಮಾತಿದೆ,” ಎಂದೆ.

“ಸೀತಾ, ಒಳಗೆ ಹೋಗು,” ಎಂದರು ನಿಮ್ಮಪ್ಪ.

ಹೋಗಲಿಲ್ಲ. ನಿಮಗೆ ಬರೆದದ್ದನ್ನೇ ಹೇಳಿದೆ. ಮಹಾಲಕ್ಷ್ಮಿಯದು, ಅನಿಲನದು, ಮೈಸೂರಿನ ಡಾಕ್ಟರದು. ಚಿಕ್ಕಮ್ಮ, “ಶುಭ ಕಾರ್ಯದಲ್ಲಿ ಸತ್ತ ಮಕ್ಕಳ ಮಾತು ಎತ್ತುತ್ತಾರೇನೇ?” ಎಂದು ಅತ್ತರು. ಚಾಮಯ್ಯನವರು ಪಂಚಾಂಗ ಮಡಚಿದರು. ಕೌಸ್ತುಭ ಮಾತ್ರ, “ಅತ್ತೆ, ಇದನ್ನ ಶರಣ್ಯಾಗೆ ಮೊದಲೇ ಹೇಳಿದ್ರಾ?” ಎಂದು ಕೇಳಿದ. ಇಲ್ಲ ಎಂದೆ. ಅವನು ಎದ್ದು ಒಳಗೆ ಹೋಗಿ ಅವಳ ಹತ್ತಿರ ಏನೋ ಮಾತಾಡಿ ಬಂದ. ಆಮೇಲೆ, “ಬೇಡಮ್ಮ, ಹೊರಡೋಣ” ಎಂದು ತಾಯಿಯನ್ನು ಎಬ್ಬಿಸಿದ. ಒಳ್ಳೆಯ ಹುಡುಗ. ಶರಣ್ಯಾ ಅಳುತ್ತಿದ್ದಾಳೆ. ಅವನು ಅವಳಿಗೆ ಇಷ್ಟವಾಗಿದ್ದ ಎಂದು ನನಗೆ ತಿಳಿದದ್ದೇ ಈಗ.

ನಿಮ್ಮಪ್ಪ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಹೋದರು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದರಂತೆ. ಸಂಜೆ ಪೋರ್ಟರ್ ಕರೆದುಕೊಂಡು ಬಂದ. ನನ್ನ ಜೊತೆ ಮಾತಿಲ್ಲ. ಊಟ ಮಾತ್ರ ಮಾಡಿದರು.

ಮಗುವಿಗೆ ಈಗ ಎರಡೂವರೆ ತಿಂಗಳು. ಹೆಸರೇನೆಂದು ನನಗೆ ಗೊತ್ತಿಲ್ಲ.

ಅಮ್ಮ


ಅರಸೀಕೆರೆ
19 ನವೆಂಬರ್ 1998

ಶರ್ಮಿಳಾ,

ಮಗುವಿಗೆ ಎಂಟು ತಿಂಗಳು ನಡೆಯುತ್ತಿದೆ. ಒಂದು ಪೋಸ್ಟ್‌ಕಾರ್ಡಿನಲ್ಲಿ ‘ಕೂರುತ್ತಿದೆ’ ಎಂದೋ ‘ಇಲ್ಲ’ ಎಂದೋ ಬರಿ. ಬೇರೇನೂ ಬೇಡ.

ಅಮ್ಮ


ಬಯಾನ್ ಲೆಪಾಸ್
18 ಏಪ್ರಿಲ್ 1999

ಅಮ್ಮ,

ವಾರಿಜಾ ನಡೆಯುತ್ತಿದ್ದಾಳೆ. ವಾರಿಜಾಕ್ಷಿ ಎಂದು ಹೆಸರು, ನಮ್ಮ ಕಡೆಯ ಯಾರ ಹೆಸರೂ ಅಲ್ಲ. ಹೋದ ತಿಂಗಳು ವರ್ಷ ತುಂಬಿತು. ನಿನ್ನೆ ಡಾಕ್ಟರ್ ಮಾಸೂಮಾ ಅವಳನ್ನು ಕೋಣೆಯ ಆ ತುದಿಯಲ್ಲಿ ನಿಲ್ಲಿಸಿ ಕರೆದರು, ನಾಲ್ಕು ಹೆಜ್ಜೆ ಇಟ್ಟು ಅವರ ಸ್ಟೆತಸ್ಕೋಪ್ ಕಿತ್ತುಕೊಂಡಳು. ಕಣ್ಣಿಗೆ ದೀಪ ಬಿಟ್ಟು ನೋಡಿ, “ಇನ್ನ ಹೆದರಬ್ಯಾಡ್ರಿ” ಎಂದರು.

ನವೆಂಬರಿನಲ್ಲಿ ನಿನ್ನ ಕಾಗದ ಬಂದಾಗ ಅವಳು ಕೂರುತ್ತಿದ್ದಳು. ಬೇಕೆಂದೇ ಬರೆಯಲಿಲ್ಲ. ನಾನು ಅವಳ ಆರನೇ ತಿಂಗಳಿಂದ ದಿನವೂ ಬೆಳಿಗ್ಗೆ ಎದ್ದು, ನಿನ್ನೆ ಮಾಡಿದ್ದನ್ನು ಇವತ್ತೂ ಮಾಡುತ್ತಾಳಾ ಎಂದು ನೋಡುತ್ತಿದ್ದೆ. ಗಿಲಕಿ ಹಿಡಿಯುತ್ತಾಳಾ, ನಗುತ್ತಾಳಾ. ಮಾಮ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಒಂದು ದಿನ ಅವಳಿಗೆ ನೆಗಡಿಯಾಗಿ ಮಂಕಾಗಿದ್ದಳು, ಕರೆದರೆ ತಿರುಗಲಿಲ್ಲ. ಮಾಮ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ನೀನೂ ಕಾಯಲಿ ಅನ್ನಿಸಿತು.

ಇನ್ನೊಂದು ಮಗು ಬೇಡ ಎಂದು ತೀರ್ಮಾನ ಮಾಡಿದ್ದೇವೆ. ಮಾಮ ಆಪರೇಷನ್ ಮಾಡಿಸಿಕೊಂಡ. ಅವನು ನನ್ನ ಗಂಡ, ಅವನನ್ನು ಬಿಟ್ಟು ಇರಲು ನನಗೆ ಬರುವುದಿಲ್ಲ. ಆದರೆ ಒಂದೊಂದು ಸಲ ಅವನು ಮೆತ್ತಗೆ ಬಾಗಿಲು ತೆಗೆದು ಒಳಗೆ ಬಂದಾಗ, ಇವನನ್ನು ನಾನಾಗಿ ಆರಿಸಿಕೊಂಡಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸುತ್ತೇನೆ. ಅದನ್ನು ಅವನಿಗೂ ಹೇಳಿದ್ದೇನೆ.

ಒಕ್ಕಣ್ಣಿನ ಮರಿ ಏಳು ತಿಂಗಳು ಬದುಕಿತು. ಎರಡು ಸಲ ಪೊರೆ ಬಿಟ್ಟಿತು. ಎರಡನೆಯ ಸಲ ಪೊರೆ ತಲೆಗೆ ಅಂಟಿಕೊಂಡಾಗ ಮಾಮ ಒದ್ದೆ ಹತ್ತಿಯಲ್ಲಿ ಒಂದು ಗಂಟೆ ಉಜ್ಜಿ ಬಿಡಿಸಿದ. ಅದು ಸತ್ತ ದಿನ ಊಯ್‌ನ ತೋಟದಲ್ಲಿ ಹೂತೆವು. ಅಣ್ಣ ತಂಗಿ ಜೋಡಿಯನ್ನು ಮಾಮ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟಿದ್ದಾನೆ. ಒಳ್ಳೆಯ ಎರಡು ಕರಿ ಮರಿಗಳನ್ನು ಯಾರಿಗೂ ಕೊಡಲಿಲ್ಲ. ಈಗ ಮೂರಡಿ ಆಗಿವೆ. ಅವುಗಳಿಗೆ ದೂರದ ಊರಿನಿಂದ ಜೊತೆ ತರಬೇಕಂತೆ. ಮರಿಗಳು ಕಂದೇ ಹುಟ್ಟಲಿ ಅನ್ನುತ್ತಾನೆ.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಶರಣ್ಯಾಳ ವಿಷಯದಲ್ಲಿ ನೀನು ಎಲ್ಲರ ಮುಂದೆ ನಿಂತು ಹೇಳಿದೆಯಲ್ಲ, ಆ ಪತ್ರವನ್ನು ಮಾತ್ರ ತುಂಬ ಸಲ ಓದಿದ್ದೇನೆ. ಅಪ್ಪ ಈಗ ಮಾತಾಡುತ್ತಾರಾ?

ಒಂದು ಕೇಳಬೇಕು. ನನ್ನ ಅಕ್ಕ ಮತ್ತು ಅಣ್ಣನ ವಿಷಯ ನೀನು ಬರೆದದ್ದೆಲ್ಲ ಅವರು ಸತ್ತದ್ದು ಹೇಗೆ ಎಂಬುದು. ಅವರು ಹೇಗಿದ್ದರು? ಏನು ತಿನ್ನುತ್ತಿದ್ದರು? ವಾರಿಜಾಳ ಹಾಗಿದ್ದರಾ? ಬರೆಯಲು ಆಗುವುದಾದರೆ ಬರಿ.

ಶರ್ಮಿಳಾ


ಅರಸೀಕೆರೆ
5 ಮೇ 1999

ಶರ್ಮಿಳಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಪೆನ್ನು ಹಿಡಿದು ಹಿಡಿದು ಇಟ್ಟೆ. ಅವರ ವಿಷಯ ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಮಹಾಲಕ್ಷ್ಮಿ ಕೆಂಪಗೆ, ದುಂಡಗೆ ಇದ್ದಳು. ತಲೆ ತುಂಬ ಕೂದಲು. ಐದನೇ ತಿಂಗಳಿಗೇ ಎರಡು ಹಲ್ಲು ಬಂದವು. ಹಾಲು ಕುಡಿಯುವಾಗ ಕಚ್ಚಿ, ನಾನು ‘ಹಾ’ ಎಂದರೆ ತಲೆ ಎತ್ತಿ ನನ್ನ ಮುಖ ನೋಡಿ ಮತ್ತೆ ಕಚ್ಚುತ್ತಿದ್ದಳು. ನನಗೆ ಹತ್ತೊಂಬತ್ತು ವರ್ಷ, ಅಳು ಬರುತ್ತಿತ್ತು. ರಾಗಿ ಸರಿಗೆ ಬೆಲ್ಲ ಹಾಕದಿದ್ದರೆ ಉಗಿದುಬಿಡುತ್ತಿದ್ದಳು.

ಅನಿಲ ಸಾಧು. ಯಾರು ಎತ್ತಿಕೊಂಡರೂ ಹೋಗುತ್ತಿದ್ದ. ನಿನ್ನ ಮಾಮನ ಭುಜದ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಮಾಡುತ್ತಿದ್ದ. ಅವನಿಗೆ ರೈಲಿನ ಶಿಳ್ಳೆ ಎಂದರೆ ಪ್ರಾಣ. ಗೂಡ್ಸ್ ಗಾಡಿ ಕೂಗಿದರೆ ಸಾಕು, ಮೈಯೆಲ್ಲ ಕುಣಿಸಿ ನಗುತ್ತಿದ್ದ. ಏಳನೇ ತಿಂಗಳಲ್ಲಿ ಒಂದು ದಿನ ಗಾಡಿ ಕೂಗಿತು, ಅವನು ನಗಲಿಲ್ಲ. ಮಹಾಲಕ್ಷ್ಮಿಯನ್ನು ನೋಡಿದ್ದೆನಲ್ಲ, ನನಗೆ ಆಗಲೇ ತಿಳಿಯಿತು. ಹನ್ನೊಂದು ದಿನ ಯಾರಿಗೂ ಹೇಳಲಿಲ್ಲ. ಗಾಡಿ ಬರುವ ಹೊತ್ತಿಗೆ ಅವನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದೆ.

ನಿಮ್ಮಪ್ಪ ಮಾತಾಡುತ್ತಾರೆ, ಬೇಕಾದಷ್ಟು ಮಾತ್ರ. ಇವತ್ತು ನಾನು ಬರೆಯುತ್ತಿರುವುದನ್ನು ನೋಡಿ ಓದು ಎಂದರು. ಇಲ್ಲಿಯವರೆಗೆ ಓದಿದೆ. ಕನ್ನಡಕ ತೆಗೆದು ಒರೆಸಿಕೊಂಡು, ಕೆಳಗೆ ಸ್ವಲ್ಪ ಜಾಗ ಬಿಡು ಎಂದರು. ಬಿಟ್ಟಿದ್ದೇನೆ.

ಅಮ್ಮ

ಶರ್ಮಿಳಾ,
ಗೂಡ್ಸ್ ಅಲ್ಲ. ಶಿವಮೊಗ್ಗ ಪ್ಯಾಸೆಂಜರ್. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಬರುತ್ತಿತ್ತು. ಡ್ಯೂಟಿ ಇಲ್ಲದ ದಿನ ನಾನು ಅವನನ್ನು ಎತ್ತಿಕೊಂಡು ಪ್ಲಾಟ್‌ಫಾರಂಗೆ ಹೋಗುತ್ತಿದ್ದೆ. ಡ್ರೈವರ್‌ಗೆ ಹೇಳಿ ಒಂದು ಶಿಳ್ಳೆ ಹೆಚ್ಚಿಗೆ ಹಾಕಿಸುತ್ತಿದ್ದೆ. ಇದು ನಿಮ್ಮಮ್ಮನಿಗೆ ಗೊತ್ತಿಲ್ಲ.
ಅಪ್ಪ